ದಾಕ್ಷಾಯಿಣಿಯ ಮೋಟಾರು ಹೊತ್ತ ನಾನು

ನನ್ನ ಮೂಲಕ ಆಚೆಗೆ ನೋಡುವವರು ಬಹಳ, ನನ್ನನ್ನೇ ನೋಡುವವರು ಕಡಿಮೆ. ಅದಕ್ಕೇ ನನ್ನ ಕಥೆಯನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ನಾನು ಒಂದು ಕ್ವಾರ್ಟ್ಜ್ ಸ್ಲೈಡ್. ಬೆರಳುದ್ದ, ಎರಡು ಬೆರಳಗಲ, ಉಗುರಿನಷ್ಟು ತೆಳು. ಗುರುತಿಲ್ಲದವರು ನನ್ನನ್ನು ಕಂಡ ಕೂಡಲೇ "ಗಾಜಿನ ತುಂಡು" ಎಂದುಬಿಡುತ್ತಾರೆ. ಆಗ ನನಗೆ ಮೈಯೆಲ್ಲ ಉರಿಯುತ್ತದೆ. ಗಾಜು ಬೇರೆ, ನಾನು ಬೇರೆ.

ನನ್ನ ಹಿರೀಕರು ಬೆಣಚುಕಲ್ಲುಗಳು. ಹೊಲದ ಬದುವಿನಲ್ಲಿ ಬೆಳ್ಳಗೆ ಬಿದ್ದಿರುತ್ತವಲ್ಲ, ಮಕ್ಕಳು ಎರಡನ್ನು ಒಂದಕ್ಕೊಂದು ಉಜ್ಜಿ ಕಿಡಿ ಹಾರಿಸುತ್ತಾರಲ್ಲ, ಅವೇ. ಅಂಥ ಕಲ್ಲನ್ನು ಪುಡಿ ಮಾಡಿ, ಕಬ್ಬಿಣವೂ ನೀರಾಗುವಂಥ ಕುಲುಮೆಯಲ್ಲಿ ಕರಗಿಸಿ, ಆರಿಸಿ, ಕೊಯ್ದು, ಉಜ್ಜಿ ನನ್ನನ್ನು ಮಾಡಿದರು. ಗಾಜಿಗೂ ಮರಳೇ ಮೂಲ, ಇಲ್ಲವೆನ್ನುವುದಿಲ್ಲ. ಆದರೆ ಗಾಜಿಗೆ ಸೋಡಾ ಬೆರೆಸುತ್ತಾರೆ, ಸುಣ್ಣ ಬೆರೆಸುತ್ತಾರೆ. ನನಗೆ ಯಾವ ಬೆರಕೆಯೂ ಇಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ನಾವಿಬ್ಬರೂ ಒಳಗೆ ಬಿಡುತ್ತೇವೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಂದಾಗ ಮಾತ್ರ ಗಾಜು ಬಾಗಿಲು ಹಾಕಿಕೊಳ್ಳುತ್ತದೆ, ನಾನು ತೆರೆದೇ ಇರುತ್ತೇನೆ. ಈ ಒಂದು ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಒಬ್ಬ ಹುಡುಗಿಯ ಮಾನ ಹೋಗುವುದು ಉಳಿಯುವುದು ಇದರ ಮೇಲೆಯೇ ನಿಂತಿತ್ತು.

ನಾನು ಮತ್ತು ನನ್ನ ಒಡಹುಟ್ಟುಗಳು ಒಂದೇ ಡಬ್ಬಿಯಲ್ಲಿ ಧಾರವಾಡದ ಹೊರಗಿನ ಒಂದು ಸಂಶೋಧನಾ ಕೇಂದ್ರಕ್ಕೆ ಬಂದಿಳಿದೆವು. ಡಬ್ಬಿ ಬಿಚ್ಚಿದವರು ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಗಲಗಲಿ ಸರ್. ಎತ್ತರದ ಮನುಷ್ಯ, ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ತಮ್ಮ ಪ್ರಯೋಗಾಲಯಕ್ಕೆ ಬಂದ ಪ್ರತಿ ಕ್ವಾರ್ಟ್ಜ್ ತುಂಡಿನ ಮೂಲೆಗೂ ವಜ್ರದ ಮೊನೆಯ ಪೆನ್ನಿನಿಂದ ಅವರೇ ಒಂದು ಗೀರು ಎಳೆಯುತ್ತಿದ್ದರು. ನನಗೂ ಎಳೆದರು. ಚುರುಕ್ ಎಂದಿತು.

"ಗೀರು ಇದ್ದರ ಕ್ವಾರ್ಟ್ಜ್, ಇಲ್ಲಾಂದ್ರ ಬರೇ ಗಾಜು," ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. "ಕಣ್ಣಿಗೆ ಎರಡೂ ಒಂದೇ ಕಾಣ್ತಾವ. ಕಣ್ಣು ನಂಬಬ್ಯಾಡ್ರಿ, ಗೀರು ನಂಬ್ರಿ."

ಆ ವಿದ್ಯಾರ್ಥಿಗಳಲ್ಲಿ ನನ್ನನ್ನು ಕೈಗೆತ್ತಿಕೊಂಡವಳು ದಾಕ್ಷಾಯಿಣಿ ಬಡಿಗೇರ. ಹುಬ್ಬಳ್ಳಿಯವಳು, ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಅಪ್ಪ ಮೌನೇಶಪ್ಪನವರಿಗೆ ಹಳೇ ಹುಬ್ಬಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸರ್, ಹಿಟ್ಟಿನ ಗಿರಣಿಯ ಮೋಟಾರು, ಏನೇ ತಂದುಕೊಟ್ಟರೂ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುವವರು. ಮಗಳೂ ಮೋಟಾರನ್ನೇ ಮಾಡುತ್ತಿದ್ದಾಳೆ ಎಂದು ಅವರಿಗೆ ಎಲ್ಲಿಲ್ಲದ ಹಿಗ್ಗು. ಅವಳು ಕೈಗವಸು ಹಾಕಿಕೊಂಡಿದ್ದಾಗ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುತ್ತಿದ್ದಳು. ಹಾಗಾಗಿ ಅಪ್ಪ ಮಗಳ ಮಾತೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು.

"ಎಷ್ಟು ಎಚ್.ಪಿ. ಅಂದೆವಾ ನಿನ್ನ ಮೋಟಾರು?"

"ಅಪ್ಪಾ, ಅದಕ್ಕ ಎಚ್.ಪಿ. ಇರಂಗಿಲ್ಲ. ಅದು ಒಂದು ಅಣು. ಕಣ್ಣಿಗೂ ಕಾಣಂಗಿಲ್ಲ."

"ತಂತಿ?"

"ತಂತಿನೂ ಇಲ್ಲ, ಕರೆಂಟೂ ಇಲ್ಲ. ಬೆಳಕು ಬಿದ್ರ ತಿರುಗತೈತಿ."

"ಬ್ಯಾರಿಂಗರ ಐತಿಲ್ಲೋ?"

"ನಡುವ ಒಂದು ಜೋಡಿಬಂಧ ಐತಪ್ಪಾ. ಅದೇ ಬ್ಯಾರಿಂಗ್ ಅಂತ ತಿಳ್ಕೋ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ಅಣುವಿಗೆ ಎರಡು ಭಾಗ. ಕೆಳಭಾಗಕ್ಕೆ ಕಾಲುಗಳಿದ್ದವು, ಅವು ನನ್ನ ಮೈಗೆ ಬೇರೂರುತ್ತಿದ್ದವು. ಮೇಲ್ಭಾಗ ತಿರುಗುವ ರೆಕ್ಕೆ. ನೇರಳಾತೀತ ಬೆಳಕು ತಾಗಿದರೆ ರೆಕ್ಕೆ ಅರ್ಧ ಸುತ್ತು ಹೊರಳುತ್ತದೆ. ಆಮೇಲೆ ಕೋಣೆಯ ಬಿಸುಪಿಗೇ ತುಸು ಜಾರಿ, ಹಿಂದಕ್ಕೆ ಬಾರದಂತೆ ಕೊಕ್ಕೆ ಬಿದ್ದಂತಾಗುತ್ತದೆ. ಮತ್ತೆ ಬೆಳಕು ಕೊಟ್ಟರೆ ಉಳಿದರ್ಧ. ಹೀಗೆ ಒಂದೇ ದಿಕ್ಕಿಗೆ ಸುತ್ತು. ದ್ರವದಲ್ಲಿ ತೇಲುತ್ತಿರುವಾಗ ಇವು ಚೆನ್ನಾಗಿ ತಿರುಗುತ್ತವೆ. ಆದರೆ ತೇಲುವ ಮೋಟಾರಿನಿಂದ ಏನು ಕೆಲಸ ಮಾಡಿಸಲಾದೀತು? ಒಂದು ಮೇಲ್ಮೈ ಮೇಲೆ ನಿಲ್ಲಿಸಿ, ಅಲ್ಲಿ ತಿರುಗಿಸಿ ತೋರಿಸಬೇಕು. ದಾಕ್ಷಾಯಿಣಿ ಹಟ ತೊಟ್ಟಿದ್ದು ಅದಕ್ಕೆ.

ಮೋಟಾರು ಹೊರಿಸುವ ಮುಂಚೆ ನನಗೆ ಸ್ನಾನ. ಎಣ್ಣೆ ಸೀಗೆಕಾಯಿಯದಲ್ಲ, ಆಸಿಡ್ಡಿನದು. ಆಸಿಡ್ಡಿಗೆ ಪೆರಾಕ್ಸೈಡ್ ಬೆರೆಸಿ, ಅದು ಬುಸುಗುಡುವಾಗ ನನ್ನನ್ನು ಇಳಿಸುತ್ತಿದ್ದಳು. ಮೈಮೇಲಿನ ಧೂಳು, ಯಾರದೋ ಬೆರಳಿನ ಜಿಡ್ಡು, ಎಲ್ಲ ತೊಳೆದುಹೋಗಿ ಹೊಸದಾಗಿ ಹುಟ್ಟಿದಂತಾಗುತ್ತಿತ್ತು. ಆಮೇಲೆ ಅಣುಗಳ ದ್ರವದಲ್ಲಿ ಮುಳುಗಿಸಿಡುತ್ತಿದ್ದಳು. ಅವು ಬಂದು ಒಂದೊಂದೇ ನನ್ನ ಮೇಲೆ ಕಾಲೂರಿ ನಿಲ್ಲುತ್ತಿದ್ದವು. ಮೊದಮೊದಲು ಹುಬ್ಬಳ್ಳಿ ಧಾರವಾಡ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತೊತ್ತಾಗಿ ನಿಂತು, ತಿರುಗುವುದಿರಲಿ, ಮಿಸುಕಾಡಲೂ ಜಾಗವಿರಲಿಲ್ಲ. ಅವಳು ನಡುನಡುವೆ ಗಿಡ್ಡ ಅಣುಗಳನ್ನು ಸೇರಿಸಿ ಒಂದರಿಂದ ಒಂದನ್ನು ದೂರ ನಿಲ್ಲಿಸಿದಳು. ಆಗ ನನಗೂ ಉಸಿರಾಡಿದಂತಾಯಿತು.

ಕಾಣದ ಮೋಟಾರು ತಿರುಗಿತೆಂದು ತಿಳಿಯುವುದು ಹೇಗೆ? ಅದಕ್ಕೆ ಅವಳು ಒಂದು ಚಂದದ ಉಪಾಯ ಮಾಡಿದ್ದಳು. ರೆಕ್ಕೆಯ ಒಂದು ಬದಿಗೆ ನೀರು ಕಂಡರಾಗದು. ಆ ಬದಿ ಮೇಲಿದ್ದಾಗ ನನ್ನ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ದುಂಡಗೆ ಕೂರುತ್ತದೆ. ರೆಕ್ಕೆ ಹೊರಳಿ ಆ ಬದಿ ಕೆಳಗಾದರೆ ಹನಿ ಚಪ್ಪಟೆಯಾಗಿ ಮಲಗುತ್ತದೆ. ಮತ್ತೆ ಹೊರಳಿದರೆ ಮತ್ತೆ ಎದ್ದು ಕೂರುತ್ತದೆ.

ಬೆಳಕು ಕೊಡುವುದಕ್ಕೆ ಒಂದು ಚಿಕ್ಕ ಉಕ್ಕಿನ ಪೆಟ್ಟಿಗೆ ಇತ್ತು. ಅಣುಗಳಿಗೆ ಗಾಳಿ ಸೋಕಬಾರದೆಂದು ಅದರಲ್ಲಿ ನೈಟ್ರೋಜನ್ ತುಂಬುತ್ತಿದ್ದರು. ಮುಚ್ಚಳಕ್ಕೆ ಒಂದು ಕ್ವಾರ್ಟ್ಜ್ ಕಿಟಕಿ, ಕಿಟಕಿಯ ಮೇಲೆ ದೀಪ. ಪೆಟ್ಟಿಗೆಯ ತಳದಲ್ಲಿ ನಾನು. ಬೆಳಕು ಕುಡಿದಾದ ಮೇಲೆ ನನ್ನನ್ನು ಹೊರತೆಗೆದು ಕ್ಯಾಮೆರಾದ ಮುಂದೆ ಹನಿ ಬಿಡುವುದು. ಮೊದಲ ಸಲ ಹನಿ ಮಲಗಿದಾಗ ಅವಳೊಬ್ಬಳೇ ಇದ್ದಳು. ಗಲಗಲಿ ಸರ್ ಪರವೂರಿಗೆ ಹೋಗಿದ್ದರು. ಹನಿ ಮಲಗಿತು, ಎದ್ದಿತು, ಮತ್ತೆ ಮಲಗಿತು. ಅವಳು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು. ಫೋಟೋ ನೋಡಿದ ಸರ್ ಬಲು ಖುಷಿಪಟ್ಟರು. ಪ್ರಬಂಧ ಅಚ್ಚಾಯಿತು. ಎರಡು ಸಮ್ಮೇಳನಗಳಲ್ಲಿ ಸರ್ ಅದನ್ನು ಎದೆಯುಬ್ಬಿಸಿ ಹೇಳಿ ಬಂದರು.

ಕೆಟ್ಟದ್ದು ಆಗಿದ್ದು ಪ್ರೀತಿಯಿಂದಲೇ. ಅವಳು ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದಾಗ ಸರ್ ಪೆಟ್ಟಿಗೆಯ ಕೊಳವೆ ಬಿಗಿಮಾಡಲು ಹೋದಾಗ ಸ್ಪ್ಯಾನರ್ ಜಾರಿ ಕಿಟಕಿಗೆ ಬಡಿಯಿತು. ಕಿಟಕಿ ಸೀಳಿತು. "ಹುಡುಗಿ ಬರೋದ್ರಾಗ ಎಲ್ಲಾ ಸರಿ ಇರಬೇಕು" ಎಂದು ಗೊಣಗುತ್ತ ಡ್ರಾಯರ್ ತಡಕಾಡಿದರು. ಕ್ವಾರ್ಟ್ಜ್ ಇಡುವ ಡ್ರಾಯರಿನಿಂದಲೇ ಅಳತೆಗೆ ಸರಿಹೋಗುವ ಒಂದು ತುಂಡು ತೆಗೆದು ಚೌಕಟ್ಟಿಗೆ ಕೂರಿಸಿ ತಿರುಪು ಬಿಗಿದರು. ನಾನು ಪಕ್ಕದ ಡಬ್ಬಿಯಿಂದ ನೋಡುತ್ತಿದ್ದೆ. ಅದರ ಮೂಲೆಯಲ್ಲಿ ಗೀರಿರಲಿಲ್ಲ. ಅವರ ಕನ್ನಡಕ ಅಂದು ಮನೆಯಲ್ಲೇ ಉಳಿದಿತ್ತು. ಯಾವನೋ ತಪ್ಪಿ ಆ ಡ್ರಾಯರಿನಲ್ಲಿಟ್ಟ ಬರೀ ಗಾಜು ಅದು. ಚೌಕಟ್ಟು ಅದರ ನಾಲ್ಕು ಮೂಲೆಗಳನ್ನೂ ಮುಚ್ಚಿಕೊಂಡಿತು.

ದಾಕ್ಷಾಯಿಣಿ ಬಂದಾಗ ಸರ್ ಮುಚ್ಚಿಡಲಿಲ್ಲ. "ಕಿಟಕಿ ಒಡದಿತ್ತು, ಬ್ಯಾರೆ ಹಾಕೀನಿ" ಎಂದರು. ಗೀರಿನ ಪಾಠ ಹೇಳಿದವರೇ ಹಾಕಿದ ಕಿಟಕಿಯನ್ನು ಬಿಚ್ಚಿ ಮೂಲೆ ನೋಡುವವರು ಯಾರು? ಅವಳು ಥ್ಯಾಂಕ್ಸ್ ಹೇಳಿ ಕೆಲಸಕ್ಕೆ ಕೂತಳು.

ಅಂದಿನಿಂದ ಹನಿ ಮಲಗಲಿಲ್ಲ.

ಪೆಟ್ಟಿಗೆಯೊಳಗೆ ನಾನು ಕಾಯುತ್ತ ಬಿದ್ದಿರುತ್ತಿದ್ದೆ. ಮೇಲೆ ದೀಪ ಉರಿಯುವ ಸಪ್ಪಳ ಕೇಳುತ್ತಿತ್ತು. ನನಗೆ ಬರಬೇಕಾದ ಬೆಳಕು ಕಿಟಕಿಯಲ್ಲೇ ನಿಂತುಬಿಡುತ್ತಿತ್ತು. ಮೋಟಾರುಗಳು ನನ್ನ ಮೈಮೇಲೆ ನಿದ್ದೆ ಹೋದವರ ಹಾಗೆ ನಿಂತಿರುತ್ತಿದ್ದವು. ಗಾಜನ್ನು ಬೈದು ಫಲವಿಲ್ಲ, ಅದರ ಸ್ವಭಾವವೇ ಅಷ್ಟು. ಆದರೆ ಬಾಯಿಲ್ಲದ ನನ್ನ ಜನ್ಮವನ್ನು ನಾನು ಶಪಿಸಿಕೊಂಡಷ್ಟು ಇನ್ಯಾರೂ ಶಪಿಸಿಕೊಂಡಿರಲಾರರು.

ಅವಳು ಪೆಟ್ಟಿಗೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅನುಮಾನಿಸಿದಳು. ಸ್ನಾನ ಸರಿಯಾಗಲಿಲ್ಲವೇನೋ ಎಂದು ನನ್ನನ್ನು ಮತ್ತೆ ಮತ್ತೆ ತೊಳೆದಳು. ಕಾಲು ಗಿಡ್ಡವಾಯಿತೇನೋ ಎಂದು ಉದ್ದ ಕಾಲಿನ ಅಣು ಕಟ್ಟಿದಳು. ಅದನ್ನು ಕಟ್ಟುವುದಕ್ಕೇ ಒಂದು ಮಳೆಗಾಲ ಪೂರ್ತಿ ಹೋಯಿತು. ಅದೇ ಅಣುವನ್ನು ದ್ರವದಲ್ಲಿ ಕರಗಿಸಿ, ಕ್ವಾರ್ಟ್ಜ್ ಸೀಸೆಯಲ್ಲಿ ಮುಚ್ಚಿ, ಪೆಟ್ಟಿಗೆಯ ಹೊರಗೇ ಬೆಳಕು ಕೊಟ್ಟರೆ ಸರಾಗವಾಗಿ ತಿರುಗುತ್ತಿತ್ತು. ನನ್ನ ಮೇಲೆ ಏರಿಸಿ ಪೆಟ್ಟಿಗೆಯಲ್ಲಿಟ್ಟರೆ ಇಲ್ಲ. ಹಾಗಾದರೆ ತಪ್ಪು ಮೇಲ್ಮೈಯದೇ ಎಂದು ಎಲ್ಲರೂ ತೀರ್ಮಾನಿಸಿದರು. ಅಂದರೆ, ನನ್ನದು. ಇದನ್ನು ಕೇಳಿಯೂ ಸುಮ್ಮನಿರಬೇಕಾದ ಸ್ಥಿತಿ ನನ್ನ ಶತ್ರುವಿಗೂ ಬೇಡ.

ಅಪ್ಪ ಮಾತ್ರ ಪ್ರತಿ ಸಲವೂ ಕೇಳುತ್ತಿದ್ದರು. "ತಿರುಗಿತೇನವಾ?"

"ಇನ್ನೂ ಇಲ್ಲಪ್ಪಾ."

"ಇರ್ಲಿ ಬಿಡು. ಹೊಸಾ ಮೋಟಾರು ಅಂದ್ರ ಮೊದಲ ಒಂದೀಟು ತ್ರಾಸು ಕೊಡೂದ."

ದಸರೆಗೆ ಮುಂಚೆ ಒಂದು ಮಧ್ಯಾಹ್ನ ಗಲಗಲಿ ಸರ್ ಅವಳ ಮೇಜಿನ ಬಳಿ ಬಂದು ನಿಂತರು. ಸಮ್ಮೇಳನಗಳಲ್ಲಿ ಕೇಳಿದವರು ಮತ್ತೊಮ್ಮೆ ಮಾಡಿ ತೋರಿಸಿ ಎನ್ನುತ್ತಿದ್ದರು. ತೋರಿಸಲು ಏನೂ ಇರಲಿಲ್ಲ.

"ದಾಕ್ಷಾಯಿಣಿ, ಒಂದು ಮಾತು ಕೇಳ್ತೀನಿ. ಮೊದಲನೇ ಸಲ ಆ ಹನಿ ಖರೇನ ಮಲಗಿತ್ತೇನು?"

"ಮಲಗಿತ್ತು ಸರ್."

"ಫೋಟೋ ಆರಿಸೋವಾಗ ನೀ ಏನರ..." ಎಂದವರು ಮಾತು ನುಂಗಿಕೊಂಡರು. ನುಂಗಿದ ಮಾತೇ ಜಾಸ್ತಿ ಕೇಳಿಸಿತು. ದಸರೆ ಕಳೆದ ಮೇಲೆ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಬರೆಯುತ್ತೇನೆ, ಮೇಲ್ಮೈ ಭಾಗ ಬಿಟ್ಟು ದ್ರವದ್ದಷ್ಟೇ ಇಟ್ಟುಕೊಂಡು ಪಿಎಚ್.ಡಿ. ಮುಗಿಸು, ಎಂದು ಹೇಳಿ ಹೊರಟುಹೋದರು. ಅವಳಿಗೆ ಪಿಎಚ್.ಡಿ. ಸಿಗುತ್ತಿತ್ತು. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದವಳು ಎಂಬ ಹೆಸರು ಅದರ ಬೆನ್ನಿಗೇ ಬರುತ್ತಿತ್ತು. ಸಂಜೆ ಅಪ್ಪನ ಫೋನ್ ಬಂತು. "ತಿರುಗಿತೇನವಾ?" ಅವಳು ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟಳು. ಹಾಗೆ ಮಾಡಿದ್ದು ಅದೇ ಮೊದಲು.

ಖಂಡೆಪೂಜೆಯ ದಿನ ಬಂತು. ಬೇರೆ ಕಡೆ ಆಯುಧಪೂಜೆ ಅನ್ನುತ್ತಾರಲ್ಲ, ಅದು. ಕೇಂದ್ರದಲ್ಲಿ ಎಲ್ಲ ಯಂತ್ರಗಳನ್ನು ಒರೆಸಿ, ಚೆಂಡುಹೂ ಏರಿಸಿ, ಕುಂಕುಮ ಹಚ್ಚುವ ಗಡಿಬಿಡಿ. ಕಾರಿಡಾರಿನ ಆ ತುದಿಯಲ್ಲಿ ಗಲಗಲಿ ಸರ್ ಕಾಯಿ ಒಡೆಯುತ್ತಿದ್ದರು. ದಾಕ್ಷಾಯಿಣಿ ಯಾರ ಕಣ್ಣಿಗೂ ಬೀಳದಂತೆ ಅರಿಶಿನದ ಬಟ್ಟಲು ಹಿಡಿದು ದೀಪದ ಕೋಣೆಗೆ ಬಂದಳು. ಕಪ್ಪು ಪರದೆಯ ಪುಟ್ಟ ಕೋಣೆ ಅದು. ಪೆಟ್ಟಿಗೆಯನ್ನು ಒರೆಸಿದಳು. ಒರೆಸುತ್ತಲೇ ಅತ್ತಳು. ನಾಳಿದ್ದು ಆ ಪೆಟ್ಟಿಗೆ ಕಪಾಟು ಸೇರಲಿತ್ತು.

ಅವಳ ಅಪ್ಪನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮೋಟಾರಿನ ಹೊರಮೈಗೆ ಅರಿಶಿನ ಹಚ್ಚಿದರೆ ಸಾಲದು, ಮುಚ್ಚಳ ಬಿಚ್ಚಿ ಒಳಗೂ ಒಂದು ಬೊಟ್ಟು ಇಡಬೇಕು, ದುಡಿಯುವುದು ಒಳಗಿನದಲ್ಲವೇ ಎನ್ನುತ್ತಿದ್ದರು ಮೌನೇಶಪ್ಪ. ಆಮೇಲೆ ಒಂದು ಕ್ಷಣವಾದರೂ ಚಾಲೂ ಮಾಡಬೇಕು. ಪ್ರಯೋಗ ನಡೆಯುತ್ತಿದ್ದಾಗ ಅವಳು ಪೆಟ್ಟಿಗೆಯ ಒಳಗೆ ಧೂಳನ್ನೂ ಬಿಟ್ಟವಳಲ್ಲ. ಈಗ ಇನ್ನೇನು ಕೆಡಬೇಕು? ಕಿಟಕಿಯ ಹೊರಗೆ ಒಂದು ಬೊಟ್ಟಿಟ್ಟಳು. ಮುಚ್ಚಳ ತೆಗೆದು ಪೆಟ್ಟಿಗೆಯ ತಳಕ್ಕೆ ಒಂದು ಬೊಟ್ಟಿಟ್ಟಳು. ಅದರ ಮೇಲೆ ನನ್ನನ್ನು ಮಲಗಿಸಿ, ಮುಚ್ಚಳ ಹಾಕಿ, ಕಣ್ಣಿಗೆ ರಕ್ಷೆಯ ಕನ್ನಡಕ ಏರಿಸಿ, ದೀಪ ಹಚ್ಚಿ ಕೈಮುಗಿದಳು.

ನೇರಳಾತೀತ ಬೆಳಕು ಬಿದ್ದರೆ ಅರಿಶಿನ ಹಸಿರು ಹಳದಿಯಾಗಿ ಹೊಳೆಯುತ್ತದೆ. ಕತ್ತಲ ಕೋಣೆಯಲ್ಲಿ ಹೊರಗಿನ ಬೊಟ್ಟು ಝಗ್ಗೆಂದು ಹೊಳೆಯಿತು. ಒಳಗಿನದು ಹೊಳೆಯಲಿಲ್ಲ.

ಅವಳು ಮುಗಿದ ಕೈ ಇಳಿಸಿದಳು. ಬೊಟ್ಟು ತೆಳುವಾಯಿತೇನೋ ಎಂದುಕೊಂಡಳು. ದೀಪ ಆರಿಸಿ, ಮುಚ್ಚಳ ತೆಗೆದು ನೋಡಿದರೆ ಬೊಟ್ಟು ದಪ್ಪಗೇ ಇತ್ತು. ಮುಚ್ಚಳವನ್ನು ಪಕ್ಕಕ್ಕಿಟ್ಟೇ ದೀಪ ಹಚ್ಚಿದಳು. ನನ್ನ ಅಡಿಯಲ್ಲಿದ್ದ ಬೊಟ್ಟು ನನ್ನನ್ನು ಹಾದು ಬೆಳಗಿತು. ಮುಚ್ಚಳ ಹಾಕಿದಳು, ಆರಿತು. ತೆಗೆದಳು, ಬೆಳಗಿತು. ನಾನು ತಡೆಯುತ್ತಿಲ್ಲ, ಕಿಟಕಿ ತಡೆಯುತ್ತಿದೆ! ನನಗೆ ಬಾಯಿದ್ದಿದ್ದರೆ ಆ ಕೇಂದ್ರದ ಗೋಡೆ ಬಿರಿಯುವಂತೆ ಕೂಗುತ್ತಿದ್ದೆ.

ಅವಳು ತಿರುಪು ಬಿಚ್ಚಿ ಚೌಕಟ್ಟು ತೆಗೆದಳು. ನಾಲ್ಕೂ ಮೂಲೆ ಬೆರಳಾಡಿಸಿ ನೋಡಿದಳು. ಗೀರಿಲ್ಲ. "ಸರ್!" ಎಂದು ಕಾರಿಡಾರಿಗೆ ಕೇಳುವಂತೆ ಕೂಗಿದಳು.

ಹಣೆಗೆ ಕುಂಕುಮ, ಕೈಯಲ್ಲಿ ಕಾಯಿಯ ಹೋಳು ಹಿಡಿದೇ ಸರ್ ಬಂದರು. ಅವಳು ದೀಪ ಹಚ್ಚಿದಳು. ಕಿಟಕಿಯನ್ನು ಬೊಟ್ಟಿನ ಮೇಲೆ ಹಿಡಿದಳು, ತೆಗೆದಳು, ಮತ್ತೆ ಹಿಡಿದಳು. ಸರ್ ನೋಡುತ್ತಲೇ ನಿಂತರು. ಆಮೇಲೆ ಕಿಟಕಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಮೂಲೆ ನೋಡಿದರು.

"ಇದನ್ನ ಹಾಕಿದಾಂವ ನಾನು," ಎಂದರು.

"ಹೌದು ಸರ್."

"ಎಲ್ಲಾರಿಗೂ ಗೀರು ನೋಡ್ರಿ ಅಂತ ಹೇಳಿ, ನಾನ ನೋಡಲಿಲ್ಲಲಾ." ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ಏನನ್ನಿಸಿತೋ, ಎದ್ದು ಕಾಯಿಯ ಹೋಳು ಹೊರಗಿಟ್ಟು ತೋಳು ಮಡಚಿದರು. "ನಡಿ, ಈಗ ಮಾಡೋಣ."

ಗೀರಿದ್ದ ನನ್ನ ಒಡಹುಟ್ಟೊಂದನ್ನು ಕಿಟಕಿಯಾಗಿ ಕೂರಿಸಿದರು. ಅರಿಶಿನ ತೊಳೆದರು. ನನಗೆ ಮತ್ತೆ ಆಸಿಡ್ ಸ್ನಾನ, ಮತ್ತೆ ಹೊಸ ಮೋಟಾರುಗಳು. ಅವು ಕಾಲೂರುವ ತನಕ ಇಬ್ಬರೂ ಅಲ್ಲೇ ಕೂತು ಪೂಜೆಯ ಚುರಮುರಿ ತಿಂದರು, ಒಬ್ಬರ ಮುಖ ಒಬ್ಬರು ನೋಡದೆ. ನನ್ನನ್ನು ಪೆಟ್ಟಿಗೆಗೆ ಇಳಿಸಿದಾಗ ಒಡಹುಟ್ಟಿನ ಮೂಲಕ ಬೆಳಕು ಧೋ ಎಂದು ಒಳಗೆ ಬಂತು. ಎಷ್ಟು ಕಾಲವಾಗಿತ್ತು! ಮೋಟಾರುಗಳು ಎದ್ದವು, ಹೊರಳಿದವು. ನನಗೆ ಮೈಮೇಲೆ ಇರುವೆ ಹರಿದಂತೆ ಕಚಗುಳಿ.

ಕ್ಯಾಮೆರಾದ ಮುಂದೆ ಹನಿ ಬಿಟ್ಟಳು. ಹನಿ ಮಲಗಿತು. ಇನ್ನೊಮ್ಮೆ ಬೆಳಕು ಕೊಟ್ಟು ತಂದರು. ಎದ್ದು ಕೂತಿತು. ಮತ್ತೊಮ್ಮೆ. ಮಲಗಿತು. ಸರ್ ಪರದೆಯಿಂದ ಕಣ್ಣು ತೆಗೆಯದೆಯೇ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಗಳಗಳ ಅತ್ತುಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿದವರ ಅಳು ಅದು. ನನಗೂ ಹಗುರವೆನ್ನಿಸಿತು.

ಕಣ್ಣೊರೆಸಿಕೊಂಡವಳು ಮೊದಲು ಮಾಡಿದ್ದು ಅಪ್ಪನಿಗೆ ಫೋನು.

"ಅಪ್ಪಾ, ತಿರುಗಿತು."

ಆ ಕಡೆ ಗುಂಯ್ ಎಂಬ ಸದ್ದು. "ತಡಿ ತಡಿ, ಪೂಜಾ ಆತು, ಎಲ್ಲಾ ಮೋಟಾರು ಚಾಲೂ ಮಾಡೀನಿ. ಏನಂದಿ?"

"ತಿರುಗಿತಪ್ಪಾ! ನನ್ನ ಮೋಟಾರು ತಿರುಗಿತು!"

ಗುಂಯ್ ಸದ್ದು ಒಂದೊಂದಾಗಿ ನಿಂತಿತು. "ಸಪ್ಪಳಾ ಕೇಳವಲ್ದಲ್ಲವಾ?"

"ನಂದು ಸಪ್ಪಳಾ ಮಾಡಂಗಿಲ್ಲ."

"ಅಂದ್ರ ಬ್ಯಾರಿಂಗ್ ಚಲೋ ಅದಾವ," ಎಂದರು ಮೌನೇಶಪ್ಪ.

ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಬನ್ನಿ ಎಲೆಯನ್ನು ಬಂಗಾರವೆಂದು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆರಗುವುದು ಈ ಕಡೆಯ ರೂಢಿ. ಮನಸ್ಸಿನಲ್ಲಿ ಕಹಿಯಿದ್ದರೆ ಅಂದಿಗೆ ಮುಗಿಯಬೇಕು. ದಾಕ್ಷಾಯಿಣಿ ಬನ್ನಿ ಹಿಡಿದು ಪ್ರಯೋಗಾಲಯದಿಂದಲೇ ಸರ್ ಮನೆಗೆ ಹೊರಡುವವಳಿದ್ದಳು. ಅಷ್ಟರಲ್ಲಿ, ರಜೆಯ ದಿನ ಅವಳೊಬ್ಬಳೇ ಇದ್ದ ಅಲ್ಲಿಗೆ ಸರ್ ತಾವೇ ಬಂದರು. ಪತ್ರಿಕೆಗೆ ಕಳಿಸಲೆಂದು ಬರೆದಿಟ್ಟಿದ್ದ ಪತ್ರವನ್ನು ಅವಳ ಮುಂದೆಯೇ ಹರಿದು ಬುಟ್ಟಿಗೆ ಹಾಕಿದರು. ಜೇಬಿನಿಂದ ಬನ್ನಿ ಎಲೆ ತೆಗೆದು ಮೊದಲು ಅವರೇ ಅವಳ ಕೈಗಿಟ್ಟರು.

"ಬನ್ನಿ ತಗೊಂಡು ಬಂಗಾರದಂಗ ಇರೋಣವಾ. ಆವತ್ತಿನ ನನ್ನ ಮಾತು ಮರತುಬಿಡು."

"ಸರ್, ನಾ ಕೊಡಬೇಕ್ರೀ ಮೊದಲ..." ಎಂದು ಅವಳು ಬಗ್ಗಿದಾಗ ಅವರು ತಡೆದರು.

ಆಮೇಲಿನದು ಹೆಚ್ಚೇನಿಲ್ಲ. ಅವಳಿಗೆ ಪಿಎಚ್.ಡಿ. ಆಯಿತು, ಮೇಲ್ಮೈ ಭಾಗವೂ ಸೇರಿ. ಈಗ ಅವಳು ಬೇರೆ ಹುಡುಗ ಹುಡುಗಿಯರಿಗೆ ಮೋಟಾರು ಕಟ್ಟುವುದನ್ನು ಕಲಿಸುತ್ತಾಳೆ, ಗೀರು ಎಳೆಯುವುದನ್ನೂ. ಬೆಳಕು ಕುಡಿದು ಕುಡಿದು ನನ್ನ ಮೇಲಿನ ಮೋಟಾರುಗಳು ಸವೆದವು. ತೊಳೆದು ತೊಳೆದು ನನ್ನ ಅಂಚು ಚಕ್ಕೆಯೆದ್ದಿತು. ಇನ್ನು ಕೆಲಸಕ್ಕೆ ಬಾರದವನೆಂದು ಗೊತ್ತಾದಾಗ ಅವಳು ನನ್ನನ್ನು ಬಿಸಾಡದೆ ಹತ್ತಿಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು.

ಈಗ ನಾನು ವೈಂಡಿಂಗ್ ಅಂಗಡಿಯ ಹಲಗೆಯ ಮೇಲೆ, ದೇವರ ಪಟದ ಪಕ್ಕ ಒರಗಿದ್ದೇನೆ. ತಾಮ್ರದ ತಂತಿಯ, ವಾರ್ನಿಷಿನ ವಾಸನೆ ನನಗೆ ಅಭ್ಯಾಸವಾಗಿದೆ. ಪ್ರತಿ ಖಂಡೆಪೂಜೆಗೆ ಮೌನೇಶಪ್ಪ ನನ್ನ ಎರಡೂ ಬದಿಗೆ ಅರಿಶಿನದ ಬೊಟ್ಟಿಡುತ್ತಾರೆ.

ಪಂಪು ರಿಪೇರಿಗೆ ಬಂದವರು ಕಾಯುತ್ತ ಕೂತಾಗ ಯಾರಾದರೊಬ್ಬರು ಕೇಳುತ್ತಾರೆ. "ಏನ್ರೀ ಅದು, ಗಾಜಿನ ತುಂಡು?"

"ಗಾಜಲ್ಲೋ ಅದು. ಮೂಲ್ಯಾಗ ಗೀರು ಐತಿ ನೋಡು." ಮೌನೇಶಪ್ಪ ತಂತಿ ಸುತ್ತುವುದನ್ನು ನಿಲ್ಲಿಸುತ್ತಾರೆ. "ನನ್ನ ಮಗಳು ಮಾಡಿದ ಮೋಟಾರು ಅದಾವ ಅದರ ಮ್ಯಾಲೆ."

ಬಂದವನು ಬಗ್ಗಿ ನೋಡುತ್ತಾನೆ. ಏನೂ ಕಾಣುವುದಿಲ್ಲ. "ಖರೇನ ತಿರುಗತಾವೇನು?"

"ತಿರುಗ್ಯಾವ," ಎನ್ನುತ್ತಾರೆ ಅವರು, ಮತ್ತೆ ತಂತಿ ಹಿಡಿಯುತ್ತಾರೆ.

ಈಗ ತಿರುಗುತ್ತವೆಯೋ ಇಲ್ಲವೋ ನನಗೂ ತಿಳಿಯದು. ಅಂದು ತಿರುಗಿದ್ದಂತೂ ನಿಜ. ಅದನ್ನು ಯಾರೂ ಈಗ ಅನುಮಾನಿಸುವುದಿಲ್ಲ, ನನಗೆ ಅಷ್ಟು ಸಾಕು. ಮಧ್ಯಾಹ್ನ ತಗಡಿನ ಸಂದಿಯಿಂದ ಬಿಸಿಲು ನನ್ನ ಮೇಲೆ ಬೀಳುತ್ತದೆ. ಬಂದಷ್ಟನ್ನೂ ಆ ಕಡೆಗೆ ಬಿಟ್ಟುಕೊಟ್ಟು ಸುಮ್ಮನೆ ಒರಗಿರುತ್ತೇನೆ.